'ಮೇಕ್' ಎಲ್ಲಿ, 'ಡೂ' ಎಲ್ಲಿ? ನಮ್ಮ 'ಮಾಡು' ತಂದಿಡುವ ಗೊಂದಲ

ಪ್ರಶ್ನೆ: ತಪ್ಪು ಮಾಡು, ಕೆಲಸ ಮಾಡು, ಪ್ರಯತ್ನ ಮಾಡು ಎಂದು ಕನ್ನಡದಲ್ಲಿ ಎಲ್ಲಕ್ಕೂ ಒಂದೇ 'ಮಾಡು'. ಅದೇ ಧಾಟಿಯಲ್ಲಿ 'ಐ ಡಿಡ್ ಎ ಮಿಸ್ಟೇಕ್' ಎಂದು ಬರೆದೆ. ಅದು 'ಐ ಮೇಡ್ ಎ ಮಿಸ್ಟೇಕ್' ಆಗಬೇಕು ಎಂದು ತಿದ್ದಿಸಿಕೊಂಡೆ. ಇದಕ್ಕೆ ನಿಯಮವೇನಾದರೂ ಇದೆಯೇ?

ಉತ್ತರ: ಅರ್ಧ ನಿಯಮ, ಇನ್ನರ್ಧ ರೂಢಿ. ಮೊದಲು ಇರದಿದ್ದ ಏನಾದರೂ ಹುಟ್ಟಿಕೊಂಡರೆ 'ಮೇಕ್'. ಹುಟ್ಟಿದ್ದಕ್ಕಿಂತ ಕೆಲಸವೇ ಮುಖ್ಯವಾದರೆ 'ಡೂ'. ಹಾಗಾಗಿ 'ಮೇಕ್ ಟೀ', 'ಮೇಕ್ ಎ ಲಿಸ್ಟ್', 'ಮೇಕ್ ಎ ನಾಯ್ಸ್'. ಆದರೆ 'ಡೂ ಹೋಮ್‌ವರ್ಕ್', 'ಡೂ ರಿಸರ್ಚ್', 'ಡೂ ದ ಲಾಂಡ್ರಿ'. ಒಂದೇ ಅಡುಗೆಮನೆಯಲ್ಲಿ ಇವೆರಡರ ಗೆರೆ ಎಷ್ಟು ಸಣ್ಣದು ನೋಡಿ: 'ಮೇಕ್ ಡಿನ್ನರ್' ಎಂದರೆ ಊಟ ತಯಾರಿಸುವುದು, 'ಡೂ ದ ಕುಕಿಂಗ್' ಎಂದರೆ ಅಡುಗೆ ಕೆಲಸ ನೋಡಿಕೊಳ್ಳುವುದು. 'ಮೇಕ್ ಎ ಡಿಶ್' ಎಂದರೆ ಒಂದು ಬಗೆಯ ಅಡುಗೆ ಮಾಡಿದಿರಿ, 'ಡೂ ದ ಡಿಶಸ್' ಎಂದರೆ ಪಾತ್ರೆ ತೊಳೆದಿರಿ. ಕುಕಿಂಗ್, ಕ್ಲೀನಿಂಗ್, ಶಾಪಿಂಗ್ ಹೀಗೆ 'ಇಂಗ್'ನಲ್ಲಿ ಮುಗಿಯುವ ಮನೆಗೆಲಸಗಳಿಗೆ 'ಡೂ' ಹಾಕಿ, ತಪ್ಪಾಗುವುದಿಲ್ಲ.

ಮಿಸ್ಟೇಕ್ ಕೂಡ ನೀವು ಎಡವಿದ ಗಳಿಗೆಯಲ್ಲಿ ಹುಟ್ಟಿದ್ದೇ. ಪ್ರಾಮಿಸ್, ಸಜೆಶನ್, ಕಂಪ್ಲೇಂಟ್, ಎಕ್ಸ್‌ಕ್ಯೂಸ್ ಇವೆಲ್ಲ ಅದೇ ಸಾಲಿಗೆ ಸೇರುತ್ತವೆ. ಮನಸ್ಸಿನಿಂದ ಅಥವಾ ಬಾಯಿಂದ ಹೊರಬೀಳುವ ಇಂಥವಕ್ಕೆ ಹೆಚ್ಚಾಗಿ 'ಮೇಕ್' ಬರುತ್ತದೆ. ಆದರೆ ಕ್ವೆಶ್ಚನ್‌ಗೆ 'ಆಸ್ಕ್', ಅಡ್ವೈಸ್‌ಗೆ 'ಗಿವ್'. ನಿಯಮ ಕೈಕೊಡಲು ಶುರುವಾಗುವುದು ಇಲ್ಲಿಂದಲೇ. ಹಾನಿಯೂ ಹೊಸದಾಗಿ ಹುಟ್ಟಿದ್ದೇ ಅಲ್ಲವೇ? ಆದರೂ ಅದು 'ಡೂ ಡ್ಯಾಮೇಜ್', 'ಡೂ ಹಾರ್ಮ್'. ಉಪಕಾರಕ್ಕೆ 'ಡೂ ಎ ಫೇವರ್'. 'ಮೇಕ್ ದ ಬೆಡ್' ಎಂದರೆ ಮಂಚ ಕಟ್ಟುವುದಲ್ಲ, ಹಾಸಿಗೆ ಸರಿಪಡಿಸುವುದು. ಇವುಗಳಿಗೆ ಕಾರಣ ಹುಡುಕುತ್ತಾ ಕೂರಬೇಡಿ, ಹಾಗೇ ನೆನಪಿಟ್ಟುಕೊಳ್ಳಿ.

ಇನ್ನು ಕನ್ನಡದಲ್ಲಿ 'ಮಾಡು' ಇದ್ದು ಇಂಗ್ಲಿಷ್‌ನಲ್ಲಿ ಎರಡೂ ಬೇಡದ ಕಡೆಗಳಿವೆ. ಸ್ನಾನಕ್ಕೆ 'ಹ್ಯಾವ್' ಅಥವಾ 'ಟೇಕ್ ಎ ಬಾತ್', ಊಟಕ್ಕೆ 'ಹ್ಯಾವ್ ಲಂಚ್'. ನಿದ್ದೆಗೂ ಖರ್ಚಿಗೂ 'ಸ್ಲೀಪ್', 'ಸ್ಪೆಂಡ್' ಎಂಬ ಒಂದೊಂದೇ ಪದ ಸಾಕು. 'ಡೂ ಹೆಲ್ಪ್' ಎನ್ನುವುದು ಬೇಡ, 'ಹೆಲ್ಪ್' ತಾನೇ ಕ್ರಿಯಾಪದ. ನಿರ್ಧಾರದ ವಿಷಯದಲ್ಲಿ ಮಾತ್ರ ಸುಮ್ಮನೆ ಹೆದರುವವರಿದ್ದಾರೆ: 'ಟೇಕ್ ಎ ಡಿಸಿಷನ್' ತಪ್ಪಲ್ಲ. ಬ್ರಿಟಿಷ್ ಇಂಗ್ಲಿಷ್‌ನಲ್ಲಿ 'ಮೇಕ್', 'ಟೇಕ್' ಎರಡೂ ಚಾಲ್ತಿಯಲ್ಲಿವೆ. ಅಮೆರಿಕನ್ನರು 'ಮೇಕ್' ಎನ್ನುತ್ತಾರೆ.

ಕ್ರಿಯಾಪದ ಸರಿ ಬಂದರೂ ಪಕ್ಕದ ಚಿಕ್ಕ ಪದಗಳಲ್ಲಿ ಎಡವುವವರು ಬಹಳ. 'ಮೇಕ್ ಪ್ರೋಗ್ರೆಸ್' ನಡುವೆ 'ಎ' ಬರಬಾರದು, 'ಮೇಕ್ ಆ್ಯನ್ ಎಫರ್ಟ್' ನಡುವೆ 'ಆ್ಯನ್' ಬಿಡಬಾರದು. 'ಮೇಕ್ ಯೂಸ್', 'ಮೇಕ್ ಫನ್' ಇವುಗಳ ನಂತರ 'ಆಫ್' ಬೇಕು. ಒಬ್ಬರ ಜೊತೆ ಸ್ನೇಹ ಬೆಳೆಸಿದರೂ 'ಮೇಕ್ ಫ್ರೆಂಡ್ಸ್ ವಿತ್' ಎಂದು ಬಹುವಚನವೇ.

ಪ್ರಶ್ನೆ: 'ಶಿ ಮೇಡ್ ಮಿ ಟು ವೇಟ್' ಸರಿಯೇ?

ಉತ್ತರ: ಇಲ್ಲ, 'ಟು' ತೆಗೆಯಿರಿ: 'ಶಿ ಮೇಡ್ ಮಿ ವೇಟ್'. ಆದರೆ ಕರ್ಮಣಿ ಪ್ರಯೋಗಕ್ಕೆ ತಿರುಗಿಸಿದರೆ ಅದೇ 'ಟು' ಮರಳಿ ಬರುತ್ತದೆ: 'ಐ ವಾಸ್ ಮೇಡ್ ಟು ವೇಟ್'. 'ಫೋರ್ಸ್', 'ಆಸ್ಕ್', 'ಟೆಲ್' ಇವೆಲ್ಲ 'ಟು' ಬಯಸುವುದರಿಂದ 'ಮೇಕ್'ಗೂ ಅದು ಅಂಟಿಕೊಳ್ಳುತ್ತದೆ.

ಇಲ್ಲಿ ನಮ್ಮ 'ಇಸು' ಪ್ರತ್ಯಯದ ಬಗ್ಗೆಯೂ ಎಚ್ಚರ ಬೇಕು. 'ನಗಿಸಿದ' ಎನ್ನಲು 'ಮೇಡ್ ಮಿ ಲಾಫ್' ಸರಿ. ಆದರೆ 'ಮನೆಗೆ ಬಣ್ಣ ಬಳಿಸಿದೆ' ಎನ್ನಲು 'ಮೇಡ್' ಹಾಕಿ ಪೇಂಟರ್ ಹೆಸರು ಸೇರಿಸಿದರೆ, ಅವನ ಕುತ್ತಿಗೆಯ ಮೇಲೆ ಕುಳಿತು ಬಳಿಸಿದಂತಾಗುತ್ತದೆ. ದುಡ್ಡು ಕೊಟ್ಟು ಮಾಡಿಸಿದ್ದಕ್ಕೆ 'ಐ ಹ್ಯಾಡ್ ದ ಹೌಸ್ ಪೇಂಟೆಡ್' ಎನ್ನಿ. 'ಕಾಯಿಸಿದಳು' ಎಂಬುದಕ್ಕೂ ಎರಡು ರೂಪ ಉಂಟು: ಬೇಕೆಂದೇ ಕಾಯಿಸಿದರೆ 'ಮೇಡ್ ಮಿ ವೇಟ್', ಬರುವುದು ತಡವಾಗಿ ಕಾಯುವಂತಾದರೆ 'ಕೆಪ್ಟ್ ಮಿ ವೇಟಿಂಗ್'.

'ದಿಸ್ ಮೇಕ್ಸ್ ಈಸಿ ಟು ಲರ್ನ್' ಎಂದೂ ಬರೆಯುತ್ತಾರೆ. 'ಮೇಕ್ಸ್' ಆದ ಮೇಲೆ 'ಇಟ್' ಬೇಕೇ ಬೇಕು: 'ಮೇಕ್ಸ್ ಇಟ್ ಈಸಿ ಟು ಲರ್ನ್'.

ಪ್ರಶ್ನೆ: 'ಮೇಡ್ ಆಫ್', 'ಮೇಡ್ ಫ್ರಮ್' ಒಂದೇನಾ?

ಉತ್ತರ: ಮೂಲವಸ್ತು ಹಾಗೇ ಗುರುತು ಸಿಕ್ಕರೆ 'ಆಫ್', ರೂಪವೇ ಬದಲಾಗಿದ್ದರೆ 'ಫ್ರಮ್'. ಮೇಜು ಮರದ್ದು, ಆದ್ದರಿಂದ 'ಆಫ್ ವುಡ್'; ಕಾಗದದಲ್ಲಿ ಮರ ಕಾಣುವುದಿಲ್ಲ, ಆದ್ದರಿಂದ 'ಫ್ರಮ್ ವುಡ್'.

ಪ್ರಶ್ನೆ: ಇವನ್ನೆಲ್ಲ ಕಲಿಯುವುದು ಹೇಗೆ? ಡಿಕ್ಷನರಿಯಲ್ಲಿ 'ಮೇಕ್' ತೆರೆದರೆ ಪುಟಗಟ್ಟಲೆ ಅರ್ಥಗಳು.

ಉತ್ತರ: 'ಮೇಕ್' ತೆರೆಯಬೇಡಿ, ನಾಮಪದ ತೆರೆಯಿರಿ. ಕ್ರಿಯಾಪದವನ್ನು ಆರಿಸಿಕೊಳ್ಳುವುದು ನಾಮಪದವೇ. ಕಲಿಯುವವರಿಗಾಗಿ ಮಾಡಿದ ಡಿಕ್ಷನರಿಯಲ್ಲಿ 'ಕಂಪ್ಲೇಂಟ್' ನೋಡಿದರೆ 'ಮೇಕ್', 'ಫೈಲ್' ಎಂಬ ಕ್ರಿಯಾಪದಗಳೂ, ನಂತರ ಬರುವ 'ಅಬೌಟ್', 'ಅಗೇನ್ಸ್ಟ್' ಕೂಡ ಒಂದೇ ಕಡೆ ಸಿಗುತ್ತವೆ. ಇಂಥ ಪದಜೋಡಿಗಳಿಗೆ ಕೊಲೊಕೇಶನ್ ಎನ್ನುತ್ತಾರೆ. ಟೋಕಿಯೋದಲ್ಲಿ ಇಂಗ್ಲಿಷ್ ಬೋಧನೆಗೆ ದುಡಿದ ಹೆರಾಲ್ಡ್ ಪಾಮರ್ 1933ರಲ್ಲೇ ಇವುಗಳ ಬಗ್ಗೆ ವರದಿ ಬರೆದು, ಬಿಡಿಬಿಡಿ ಪದ ಜೋಡಿಸದೆ ಇಡಿಯಾಗಿ ಕಲಿಯಬೇಕು ಎಂದಿದ್ದರು. ಆ ಮಾತು ಇವತ್ತಿಗೂ ಸರಿ.

ನೋಟ್‌ಬುಕ್ಕಿನಲ್ಲಿ 'ಮಿಸ್ಟೇಕ್ ಎಂದರೆ ತಪ್ಪು' ಎಂದು ಬರೆಯುವ ಬದಲು 'ಮೇಕ್ ಎ ಸೀರಿಯಸ್ ಮಿಸ್ಟೇಕ್ ಇನ್ ದ ರಿಪೋರ್ಟ್' ಎಂದು ಪೂರ್ತಿ ಬರೆಯಿರಿ. ಎರಡು ದಿನ ಬಿಟ್ಟು ಕ್ರಿಯಾಪದ, 'ಎ', 'ಇನ್' ಇವಿಷ್ಟನ್ನು ಮುಚ್ಚಿ, ನೆನಪಿನಿಂದ ತುಂಬಿ ನೋಡಿ. ತಪ್ಪಿದವನ್ನು ಮಾತ್ರ ಮರುದಿನದ ಪುಟಕ್ಕೆ ಮತ್ತೆ ಇಳಿಸಿಕೊಳ್ಳಿ. ದಿನಕ್ಕೆ ಐದು ಜೋಡಿ ಸಾಕು.