ಕಾರಿನ ವಿಮೆ ದುಬಾರಿಯಾಯ್ತಾ? ಮೊದಲು ನೋಟಿಸ್ ಬಿಡಿಸಿ ಓದಿ

ಪ್ರಶ್ನೆ: 2022ರ ನವೆಂಬರಿನಲ್ಲಿ ಹೊಸ ಕಾರು ತೆಗೆದುಕೊಂಡೆ. 1197 ಸಿಸಿ, ಪೆಟ್ರೋಲ್. ಇಲ್ಲಿಯವರೆಗೆ ಒಂದು ಕ್ಲೇಮೂ ಮಾಡಿಲ್ಲ. ಹೋದ ವರ್ಷ ವಿಮೆಗೆ 8,260 ರೂಪಾಯಿ ಕಟ್ಟಿದ್ದೆ. 2025ರ ನವೀಕರಣಕ್ಕೆ 14,160 ಕೇಳುತ್ತಿದ್ದಾರೆ. ಷೋರೂಮಿನಲ್ಲಿ ವಿಚಾರಿಸಿದರೆ ‘ಎಲ್ಲಾ ಕಡೆ ಜಾಸ್ತಿ ಆಗಿದೆ ಸರ್’ ಅನ್ನುತ್ತಾರೆ. ಕಂಪನಿ ಬದಲಾಯಿಸಲೇ? ನೋಟಿಸಿನ ಪ್ರತಿ ಇಟ್ಟಿದ್ದೇನೆ.
– ಪ್ರೌಢಶಾಲಾ ಶಿಕ್ಷಕರು, ದಾವಣಗೆರೆ

ಉತ್ತರ: ಬದಲಾಯಿಸಬಹುದು ಸರ್. ಆದರೆ ಅದಕ್ಕೂ ಮೊದಲು ಈ 5,900 ರೂಪಾಯಿ ಎಲ್ಲಿಂದ ಬಂತು ಅಂತ ನೋಡೋಣ, ಯಾಕೆಂದರೆ ಇದರಲ್ಲಿ ಬಹುಪಾಲು ನೀವು ಯಾವ ಕಂಪನಿಗೆ ಹೋದರೂ ತಪ್ಪುವುದಿಲ್ಲ.

ವಿಮೆಯಲ್ಲಿ ಎರಡು ಭಾಗ. ನಿಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಗೆ ಥರ್ಡ್ ಪಾರ್ಟಿ. ನಿಮ್ಮ ಕಾರಿಗೇ ಆಗುವ ಹಾನಿಗೆ ಓನ್ ಡ್ಯಾಮೇಜ್. 2018ರ ಸೆಪ್ಟೆಂಬರ್ 1ರಿಂದ, ಸುಪ್ರೀಂ ಕೋರ್ಟ್ ಆದೇಶದಂತೆ, ಹೊಸ ಕಾರಿಗೆ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಮೂರು ವರ್ಷಕ್ಕೆ ಮಾಡಿಸಬೇಕು. ನಿಮ್ಮದು 1000ದಿಂದ 1500 ಸಿಸಿ ನಡುವಿನ ಕಾರು, ಅದಕ್ಕೆ ಮೂರು ವರ್ಷದ ದರ 10,640 ರೂಪಾಯಿ. ಕಾರು ಕೊಂಡ ದಿನ ಆನ್‌ರೋಡ್ ಬೆಲೆಯೊಳಗೆ ಅದು ಸೇರಿಹೋಗಿತ್ತು, ಹಾಗಾಗಿ ಗಮನಕ್ಕೆ ಬಂದಿರಲಿಕ್ಕಿಲ್ಲ. ಆಮೇಲಿನ ಎರಡು ನವೀಕರಣದಲ್ಲಿ ನೀವು ಕಟ್ಟಿದ್ದು ಓನ್ ಡ್ಯಾಮೇಜ್ ಹಣ ಮಾತ್ರ. ಈಗ ಆ ಮೂರು ವರ್ಷ ಮುಗಿದಿದೆ, ಥರ್ಡ್ ಪಾರ್ಟಿ ಮತ್ತೆ ಚೀಟಿಗೆ ಬಂದು ಕೂತಿದೆ. ನೋಟಿಸಿನಲ್ಲಿ 3,416 ರೂಪಾಯಿ ಅಂತ ಒಂದು ಸಾಲು ಇದೆ ನೋಡಿ, ಅದೇ. ಶೇ 18 ಜಿಎಸ್‌ಟಿ ಸೇರಿದರೆ 4,031. ಇದು 2022ರ ಜೂನ್ 1ರಂದು ಜಾರಿಗೆ ಬಂದ ಸರ್ಕಾರಿ ದರ. ಯಾವ ಕಂಪನಿಯೂ ಇದರಲ್ಲಿ ಒಂದು ರೂಪಾಯಿ ಹೆಚ್ಚು ಕಡಿಮೆ ಮಾಡುವ ಹಾಗಿಲ್ಲ.

ಇನ್ನೊಂದು ಸಾಲು 354 ರೂಪಾಯಿಯದು, ಮಾಲೀಕ-ಚಾಲಕರ 15 ಲಕ್ಷದ ಅಪಘಾತ ವಿಮೆ. ತೆರಿಗೆ ಸೇರಿ 418. ಇದು ಕಡ್ಡಾಯ ಹೌದು, ಆದರೆ ನಿಮ್ಮ ಸ್ಕೂಟರ್ ಪಾಲಿಸಿಯಲ್ಲೋ ಬೇರೆ ಕಡೆಯೋ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಈಗಾಗಲೇ ಇದ್ದರೆ ಎರಡನೇ ಸಲ ಕೊಳ್ಳಬೇಕಿಲ್ಲ. ಹಾಗಂತ ಬರೆದುಕೊಟ್ಟರೆ ತೆಗೆಯುತ್ತಾರೆ.

ಉಳಿದದ್ದು ಓನ್ ಡ್ಯಾಮೇಜ್. ತೆರಿಗೆ ಬಿಟ್ಟು ಹೋದ ವರ್ಷ 7,000 ಇತ್ತು, ಈ ವರ್ಷ 8,230. ನಿಜವಾದ ಏರಿಕೆ ಇದು, ನೀವು ಜಗಳ ಆಡಬೇಕಾದದ್ದೂ ಇಲ್ಲೇ. ಯಾಕೆಂದರೆ ಕಾರು ಒಂದು ವರ್ಷ ಹಳೆಯದಾಗಿದೆ, ಅದರ ವಿಮಾ ಮೌಲ್ಯ, ಅಂದರೆ ಐಡಿವಿ, ಇಳಿದಿದೆ. ಕ್ಲೇಮ್ ಮಾಡದೆ ಇದ್ದುದಕ್ಕೆ ಸಿಗುವ ಎನ್‌ಸಿಬಿ ರಿಯಾಯಿತಿ ಶೇ 25ರಿಂದ 35ಕ್ಕೆ ಏರಿದೆ. ಎರಡೂ ನಿಮ್ಮ ಪರವಾಗಿಯೇ ಇವೆ, ಆದರೂ ಮೊತ್ತ ಏರಿದೆ ಅಂದರೆ ಕಂಪನಿ ಮೊದಲು ಕೊಡುತ್ತಿದ್ದ ಡಿಸ್ಕೌಂಟ್ ಕಡಿಮೆ ಮಾಡಿರಬೇಕು, ಇಲ್ಲವೇ ನೀವು ಕೇಳದ ಆಡ್-ಆನ್, ಅಂದರೆ ಹೆಚ್ಚುವರಿ ಹಣಕ್ಕೆ ಸಿಗುವ ಹೆಚ್ಚುವರಿ ರಕ್ಷಣೆ, ಸೇರಿಸಿರಬೇಕು. 2007ರಿಂದ ಓನ್ ಡ್ಯಾಮೇಜ್ ಬೆಲೆ ಆಯಾ ಕಂಪನಿಗೆ ಬಿಟ್ಟದ್ದು. ಹಳೆಯ ಗ್ರಾಹಕ ಅನ್ನುವ ಒಂದೇ ಕಾರಣಕ್ಕೆ ಯಾರೂ ಕಡಿಮೆ ಮಾಡುವುದಿಲ್ಲ, ಸುಮ್ನೆ ಕಟ್ಟುತ್ತಾ ಹೋದರೆ ಕೇಳಿದಷ್ಟು ತೆಗೆದುಕೊಳ್ಳುತ್ತಾರೆ.

ಹಾಗಾಗಿ ಹೋದ ವರ್ಷದ ಪಾಲಿಸಿಯನ್ನೂ ಈ ವರ್ಷದ ನೋಟಿಸನ್ನೂ ಪಕ್ಕಪಕ್ಕ ಇಟ್ಟುಕೊಂಡು ಸಾಲು ಸಾಲಾಗಿ ಹೋಲಿಸಿ. ಆಮೇಲೆ ಬೇರೆ ಎರಡು ಮೂರು ಕಂಪನಿಗಳಿಂದ ಅದೇ ಐಡಿವಿ, ಅದೇ ಆಡ್-ಆನ್ ಹಾಕಿಸಿ ಬೆಲೆ ಕೇಳಿ. ಕಡಿಮೆ ಬಂದರೆ ಅದನ್ನು ಈಗಿನ ಕಂಪನಿಗೆ ಮೇಲ್ ಮಾಡಿ. ಎಷ್ಟೋ ಸಲ ಅಲ್ಲೇ ಇಳಿಸುತ್ತಾರೆ. ಇಳಿಸದಿದ್ದರೆ ಧಾರಾಳವಾಗಿ ಬದಲಾಯಿಸಿ. ಷೋರೂಮಿನಲ್ಲೇ ವಿಮೆ ಮಾಡಿಸಬೇಕು ಅನ್ನುವ ಕಾನೂನಿಲ್ಲ, ಹೊರಗೆ ಮಾಡಿಸಿದರೆ ಕಾರಿನ ವಾರಂಟಿ ಹೋಗುವುದೂ ಇಲ್ಲ. ನೀವು ಸರ್ವಿಸ್ ಮಾಡಿಸುವ ಗ್ಯಾರೇಜ್ ಹೊಸ ಕಂಪನಿಯ ಕ್ಯಾಶ್‌ಲೆಸ್ ಪಟ್ಟಿಯಲ್ಲಿ, ಅಂದರೆ ಕ್ಲೇಮಿನ ಹಣವನ್ನು ಕಂಪನಿಯೇ ನೇರವಾಗಿ ಕಟ್ಟುವ ಗ್ಯಾರೇಜುಗಳ ಪಟ್ಟಿಯಲ್ಲಿ, ಇದೆಯಾ ಅಂತ ಮಾತ್ರ ವಿಚಾರಿಸಿಕೊಳ್ಳಿ.

ತೆರಿಗೆ ಬಗ್ಗೆಯೂ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ತೆಗೆದದ್ದು ವೈಯಕ್ತಿಕ ಜೀವ ವಿಮೆ ಮತ್ತು ಆರೋಗ್ಯ ವಿಮೆಗೆ. ವಾಹನ ವಿಮೆಗೆ ಶೇ 18 ಹಾಗೇ ಇದೆ.

ಪ್ರಶ್ನೆ: ಐದು ವರ್ಷ ಕ್ಲೇಮ್ ಮಾಡದೆ ಶೇ 50 ಎನ್‌ಸಿಬಿ ಉಳಿಸಿಕೊಂಡಿದ್ದೇನೆ. ಕಂಪನಿ ಬದಲಾಯಿಸಿದರೆ ಅದು ಹೋಗುತ್ತೆ ಅಂತ ನಮ್ಮ ಏಜೆಂಟ್ ಹೆದರಿಸುತ್ತಿದ್ದಾರೆ. ಬೇರೆ ಕಂಪನಿಯಲ್ಲಿ 1,900 ರೂಪಾಯಿ ಕಡಿಮೆಗೆ ಸಿಗುತ್ತಿದೆ. ಏನು ಮಾಡಲಿ?
– ಗೃಹಿಣಿ, ಶಿರಸಿ

ಉತ್ತರ: ಹೋಗುವುದಿಲ್ಲ ಮೇಡಂ. ಎನ್‌ಸಿಬಿ ನಿಮ್ಮದು. ಕಂಪನಿಯದ್ದಲ್ಲ, ಕಾರಿನದ್ದೂ ಅಲ್ಲ. ಹಳೆಯ ಪಾಲಿಸಿ ಮತ್ತು ನವೀಕರಣದ ನೋಟಿಸ್ ತೋರಿಸಿ, ಈ ವರ್ಷ ಕ್ಲೇಮ್ ಮಾಡಿಲ್ಲ ಅಂತ ಬರೆದುಕೊಟ್ಟರೆ ಹೊಸ ಕಂಪನಿ ಅಷ್ಟನ್ನೇ ಕೊಡುತ್ತದೆ. ನಾಳೆ ಈ ಕಾರು ಮಾರಿ ಹೊಸದು ಕೊಂಡರೂ ಅದು ನಿಮ್ಮ ಜೊತೆ ಬರುತ್ತದೆ. ಹಳೆಯ ಕಂಪನಿಯಿಂದ ಪತ್ರ ತೆಗೆದಿಟ್ಟುಕೊಂಡರೆ ಮೂರು ವರ್ಷದವರೆಗೆ ಬಳಸಬಹುದು.

ನನಗೆ ಚಿಂತೆ ಇರುವುದು ಆ 1,900 ರೂಪಾಯಿ ಬಗ್ಗೆ. ನೀವು ಕಳಿಸಿದ ಎರಡು ಕೊಟೇಶನ್ ನೋಡಿದೆ. ಈಗಿನ ಕಂಪನಿಯದ್ದರಲ್ಲಿ ಐಡಿವಿ 4,35,000. ಕಡಿಮೆ ಬೆಲೆಯದ್ದರಲ್ಲಿ 3,60,000. ಕಾರು ಕಳುವಾದರೆ ಅಥವಾ ಪೂರ್ತಿ ಜಖಂ ಆದರೆ ಕೈಗೆ ಬರುವುದು ಈ ಐಡಿವಿ ಲೆಕ್ಕದಲ್ಲಿ. ಅಂದರೆ 1,900 ಉಳಿಸಲು ಹೋಗಿ 75,000 ಬಿಟ್ಟುಕೊಡುತ್ತಿದ್ದೀರಿ. ಜೊತೆಗೆ ಝೀರೋ ಡೆಪ್ ಅನ್ನುವ ಆಡ್-ಆನ್ ಅದರಲ್ಲಿ ಇಲ್ಲವೇ ಇಲ್ಲ. ಅದು ಇಲ್ಲದಿದ್ದರೆ ಏನಾಗುತ್ತೆ ಹೇಳ್ತೀನಿ. ಯಾರೋ ಹಿಂದಿನಿಂದ ಗುದ್ದಿ ಬಂಪರ್ ಒಡೆಯಿತು ಅಂದುಕೊಳ್ಳಿ, ಹೊಸ ಬಂಪರಿಗೆ 8,000. ಪ್ಲಾಸ್ಟಿಕ್ ಭಾಗಕ್ಕೆ ಸವಕಳಿ ಅಂತ ಅರ್ಧ ಹಿಡಿಯುತ್ತಾರೆ, 4,000 ನಿಮ್ಮ ಕೈಯಿಂದ. ಬಣ್ಣದ ಸಾಮಾನಿಗೂ ಅರ್ಧ. ಮೇಲೆ ಪ್ರತಿ ಕ್ಲೇಮಿನಲ್ಲೂ ನೀವೇ ಭರಿಸಬೇಕಾದ ಕಡ್ಡಾಯ ಕಡಿತ 1,000, ಕಾರು 1500 ಸಿಸಿಗಿಂತ ದೊಡ್ಡದಾದರೆ 2,000. ಶಿರಸಿಯ ಕಡೆ ಮಳೆಗಾಲದಲ್ಲಿ ಓಡಾಡುವವರು ಎಂಜಿನ್ ಪ್ರೊಟೆಕ್ಟ್ ಕೂಡ ನೋಡಿಕೊಳ್ಳಬೇಕು. ನೀರು ನಿಂತ ರಸ್ತೆಯಲ್ಲಿ ಎಂಜಿನ್ನಿಗೆ ನೀರು ನುಗ್ಗಿ ಕೆಟ್ಟರೆ ಮಾಮೂಲಿ ಪಾಲಿಸಿಯಲ್ಲಿ ಸಾಮಾನ್ಯವಾಗಿ ಹಣ ಸಿಗುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಮುಳುಗಿದಾಗ ನೀರಿನಲ್ಲಿ ನಿಂತ ಕಾರುಗಳನ್ನು ಟಿವಿಯಲ್ಲಿ ನೋಡಿರುತ್ತೀರಲ್ವಾ. ನೀರಿನಲ್ಲಿ ಕಾರು ಆಫ್ ಆದರೆ ಮತ್ತೆ ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡಿ. ಆಗಲೇ ಎಂಜಿನ್ ಪೂರ್ತಿ ಹಾಳಾಗುವುದು.

ಆ ಹೊಸ ಕಂಪನಿಯವರಿಗೇ ಹೇಳಿ, ಐಡಿವಿ 4,35,000 ಮಾಡಿ, ಝೀರೋ ಡೆಪ್ ಹಾಕಿ ಇನ್ನೊಂದು ಕೊಟೇಶನ್ ಕೊಡಿ ಅಂತ. ಆಗಲೂ ಕಡಿಮೆ ಬಂದರೆ ಬದಲಾಯಿಸಿ.

ಪ್ರಶ್ನೆ: ಊರಿಗೆ ಹೋದ ಗಡಿಬಿಡಿಯಲ್ಲಿ ವಿಮೆ ಮುಗಿದದ್ದು ಮರೆತೇಹೋಯಿತು. ಈಗ ಮೂರು ವಾರ ಆಗಿದೆ. ಎನ್‌ಸಿಬಿ ಹೋಯ್ತಾ?
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಇಲ್ಲ, ಮುಗಿದ ದಿನದಿಂದ 90 ದಿನದ ಒಳಗೆ ನವೀಕರಿಸಿದರೆ ಎನ್‌ಸಿಬಿ ಉಳಿಯುತ್ತದೆ. ಆದರೆ ದಯವಿಟ್ಟು ಇವತ್ತಿನಿಂದ ಕಾರು ರಸ್ತೆಗೆ ತೆಗೆಯಬೇಡಿ. ವಿಮೆ ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 2,000 ದಂಡ, ಎರಡನೇ ಸಲ 4,000. ದಂಡ ಹೋಗಲಿ ಬಿಡಿ. ಯಾರಿಗಾದರೂ ಗುದ್ದಿ ಪ್ರಾಣಕ್ಕೆ ಅಪಾಯವಾದರೆ ನ್ಯಾಯಮಂಡಳಿ ಹೇಳುವ ಪರಿಹಾರ ಪೂರ್ತಿ ನಿಮ್ಮ ತಲೆಯ ಮೇಲೆ, ಅದು ಲಕ್ಷಗಳಲ್ಲಿ ಇರುತ್ತದೆ. ಮನೆಯನ್ನೇ ಮಾರಬೇಕಾಗಿ ಬರಬಹುದು.

ಅವಧಿ ಮುಗಿದ ಕಾರಿಗೆ ಕಂಪನಿಯವರು ಮೊದಲು ತಪಾಸಣೆ ಮಾಡುತ್ತಾರೆ. ಈಗ ಹೆಚ್ಚಾಗಿ ಆ್ಯಪಿನಲ್ಲೇ ಕಾರಿನ ಸುತ್ತಲಿನ ವಿಡಿಯೋ ಕೇಳುತ್ತಾರೆ. ಹಳೆಯ ತರಚು, ನೆಗ್ಗು ಏನೇ ಇದ್ದರೂ ಮುಚ್ಚಿಡಬೇಡಿ, ಇದ್ದ ಹಾಗೆ ತೋರಿಸಿ. ಮುಂದಿನ ವರ್ಷದಿಂದ ಅವಧಿ ಮುಗಿಯುವ ಒಂದು ತಿಂಗಳ ಮುಂಚೆಯೇ ಬೆಲೆ ವಿಚಾರಿಸಲು ಶುರು ಮಾಡಿ. ಕೊನೆ ದಿನ ರಾತ್ರಿ ಕೂತರೆ ಹೋಲಿಸಲು ಪುರುಸೊತ್ತೇ ಇರುವುದಿಲ್ಲ, ತೋರಿಸಿದ ಬೆಲೆಗೆ ಒತ್ತಿಬಿಡುತ್ತೇವೆ.

ಪ್ರಶ್ನೆ: ಗೇಟಿಗೆ ತಾಗಿ ಬಾಗಿಲು ನೆಗ್ಗಿದೆ. ಗ್ಯಾರೇಜಿನವರು 3,500 ಆಗುತ್ತೆ, ಕ್ಲೇಮ್ ಮಾಡಿಬಿಡಿ ಅನ್ನುತ್ತಾರೆ. ಮಾಡಲೇ? ನನಗೆ ಶೇ 50 ಎನ್‌ಸಿಬಿ ಇದೆ.
– ವ್ಯಾಪಾರಿ, ಹುಬ್ಬಳ್ಳಿ

ಉತ್ತರ: ಬೇಡ. ನಿಮ್ಮ ಪಾಲಿಸಿಯಲ್ಲಿ ಎನ್‌ಸಿಬಿ ಕಳೆಯುವ ಮೊದಲಿನ ಓನ್ ಡ್ಯಾಮೇಜ್ ಮೊತ್ತ 9,000 ಅಂತಿದೆ. ಶೇ 50 ಅಂದರೆ 4,500. ಒಂದು ಕ್ಲೇಮ್ ಮಾಡಿದರೆ ಮುಂದಿನ ನವೀಕರಣದಲ್ಲಿ ಅದು ಸೊನ್ನೆ, ಮತ್ತೆ 20, 25, 35, 45 ಅಂತ ಹತ್ತಬೇಕು. 3,500ರಲ್ಲಿ ಕಡ್ಡಾಯ ಕಡಿತ 1,000 ಹೋದರೆ ಸಿಗುವುದು ಹೆಚ್ಚೆಂದರೆ 2,500. ಕೈಯಿಂದಲೇ ಕೊಟ್ಟು ಸರಿಮಾಡಿಸಿ.

ಪ್ರಶ್ನೆ: ನಾನು ಇಂಗ್ಲೆಂಡಿನಲ್ಲಿದ್ದೇನೆ. ಮೈಸೂರಿನಲ್ಲಿ ಅಪ್ಪನ ಕಾರಿನ ವಿಮೆಯನ್ನು ಇಲ್ಲಿಂದಲೇ ಆನ್‌ಲೈನಿನಲ್ಲಿ ಕಟ್ಟುತ್ತೇನೆ. ಇಲ್ಲಿ ಹಳೆಯ ಗ್ರಾಹಕರಿಗೆ ಹೊಸಬರಿಗಿಂತ ಹೆಚ್ಚು ಕೇಳುವಂತಿಲ್ಲ. ಅಲ್ಲಿ ಅಂಥ ನಿಯಮ ಇಲ್ಲವೇ? ಇನ್ನೊಂದು ವಿಷಯ, ಈ ಸಲ ಕಂಪನಿ ಬದಲಾಯಿಸುವಾಗ ‘ಕ್ಲೇಮ್ ಇಲ್ಲ’ ಅಂತ ಒತ್ತಿಬಿಟ್ಟೆ. ಆಮೇಲೆ ಗೊತ್ತಾಯಿತು, ಅಪ್ಪ ಹೋದ ವರ್ಷ ಬಂಪರಿಗೆ ಕ್ಲೇಮ್ ತೆಗೆದುಕೊಂಡಿದ್ದರಂತೆ.
– ಮೈಸೂರು ಮೂಲದ ಓದುಗರು

ಉತ್ತರ: ನೀವು ಹೇಳಿದ ನಿಯಮವನ್ನು ಬ್ರಿಟನ್ನಿನ ಹಣಕಾಸು ನಿಯಂತ್ರಕ ಸಂಸ್ಥೆ ಎಫ್‌ಸಿಎ 2022ರ ಜನವರಿ 1ರಿಂದ ಕಾರು ಮತ್ತು ಮನೆ ವಿಮೆಗೆ ತಂದಿತು. ನಮ್ಮಲ್ಲಿ ಹಾಗಿಲ್ಲ. ಬರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ, ಯಾಕೆಂದರೆ ವರ್ಷಾವರ್ಷ ಹೋಲಿಸಿ ನೋಡಲಾಗದ ವಯಸ್ಸಾದವರೇ ಇಲ್ಲಿ ಹೆಚ್ಚು ಕಳೆದುಕೊಳ್ಳುವುದು. ಅಪ್ಪನ ಖಾತೆಯಿಂದ ತಾನಾಗಿ ಹಣ ಕಡಿತವಾಗುವ ಹಾಗೆ ಇದ್ದರೆ ಅದನ್ನು ನಿಲ್ಲಿಸಿ, ಪ್ರತಿ ವರ್ಷ ನೋಡಿಯೇ ಕಟ್ಟಿ.

ಎರಡನೆಯದು ಅರ್ಜೆಂಟು. ಹೊಸ ಕಂಪನಿಯವರು ಹಳೆಯ ಕಂಪನಿಯಿಂದ ಮಾಹಿತಿ ತರಿಸಿಕೊಳ್ಳುತ್ತಾರೆ. ನಾಳೆ ಅಪ್ಪನ ಕಾರಿಗೆ ದೊಡ್ಡ ಪೆಟ್ಟಾಗಿ ಕ್ಲೇಮ್ ಹಾಕಿದಾಗ, ತಪ್ಪು ಮಾಹಿತಿ ಕೊಟ್ಟು ಎನ್‌ಸಿಬಿ ಪಡೆದಿದ್ದೀರಿ ಅಂತ ಓನ್ ಡ್ಯಾಮೇಜ್ ಹಣವನ್ನೇ ತಡೆಯಬಹುದು. ಈಗಲೇ ಹೊಸ ಕಂಪನಿಗೆ ಮೇಲ್ ಬರೆಯಿರಿ. ಕ್ಲೇಮ್ ಆಗಿತ್ತು, ತಿಳಿಯದೆ ಹಾಗೆ ನಮೂದಿಸಿದೆ, ವ್ಯತ್ಯಾಸದ ಹಣ ಕಟ್ಟುತ್ತೇನೆ, ಪಾಲಿಸಿ ತಿದ್ದಿಕೊಡಿ ಅಂತ. ತಿದ್ದಿದ ಪತ್ರ ಬರುವವರೆಗೂ ಬೆನ್ನು ಬಿಡಬೇಡಿ.

ಪ್ರಶ್ನೆ: ನವೀಕರಣದ ಹಣ ಕಟ್ಟಿ ಹತ್ತು ದಿನಕ್ಕೆ ಬೇರೆ ಕಡೆ ಕಡಿಮೆ ಬೆಲೆ ಸಿಕ್ಕಿತು. ಈಗ ಬಿಡಬಹುದೇ?
– ಓದುಗರು, ತುಮಕೂರು

ಉತ್ತರ: ಬಿಡಬಹುದು. ವಿಮಾ ನಿಯಂತ್ರಕರಾದ ಐಆರ್‌ಡಿಎಐ 2024ರ ಜೂನ್‌ನಲ್ಲಿ ಹೊರಡಿಸಿದ ಸುತ್ತೋಲೆಯಂತೆ ಕಾರಣ ಕೊಡದೆಯೂ ಪಾಲಿಸಿ ರದ್ದು ಮಾಡಬಹುದು. ನಡುವೆ ಕ್ಲೇಮ್ ಮಾಡಿರದಿದ್ದರೆ ಉಳಿದ ದಿನಗಳ ಲೆಕ್ಕದಲ್ಲಿ ಹಣ ವಾಪಸ್ ಬರಬೇಕು. ಆದರೆ ಮೊದಲು ಹೊಸ ಪಾಲಿಸಿ ಕೈಗೆ ಬರಲಿ, ಆಮೇಲೆ ಅದರ ಪ್ರತಿ ಇಟ್ಟು ಹಳೆಯದನ್ನು ರದ್ದು ಮಾಡಿಸಿ. ಕಾರಿನ ಮೇಲೆ ಸಾಲ ಇದ್ದರೆ ಬ್ಯಾಂಕಿನ ಹೆಸರು ಹೊಸ ಪಾಲಿಸಿಯಲ್ಲೂ ಇರಬೇಕು. ಹಣ ಕೊಡಲು ಸತಾಯಿಸಿದರೆ ಕಂಪನಿಯ ದೂರು ಅಧಿಕಾರಿಗೆ ಬರವಣಿಗೆಯಲ್ಲಿ ಕೊಡಿ, ಆಮೇಲೆ ಐಆರ್‌ಡಿಎಐನ ದೂರು ತಾಣವಾದ ಬಿಮಾ ಭರೋಸಾ ಪೋರ್ಟಲಿನಲ್ಲಿ ಹಾಕಿ, ಇಲ್ಲವೇ 155255ಕ್ಕೆ ಫೋನ್ ಮಾಡಿ. ಒಂದು ತಿಂಗಳಾದರೂ ಉತ್ತರ ಬರದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.