ನಾಣ್ಯ ನೋಡಿ ಬಿಡ್ ಹಾಕಿ, ಬರೀ ನಂಬರ್ ನೋಡಿ ಬೇಡ

ಈ ಸಲ ಬಂದ ಪತ್ರಗಳಲ್ಲಿ ಹಳೇ ನಾಣ್ಯದ ಪ್ರಶ್ನೆಗಳೇ ಜಾಸ್ತಿ. ನಾಲ್ಕನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಆನ್‌ಲೈನ್ ಹರಾಜಿನಲ್ಲಿ 1911ರ ಐದನೇ ಜಾರ್ಜ್ ಬೆಳ್ಳಿ ರೂಪಾಯಿ ಎರಡು ಇವೆ. ಒಂದು ಸ್ಲ್ಯಾಬ್‌ನಲ್ಲಿದೆ (ಗ್ರೇಡಿಂಗ್ ಕಂಪನಿ ಗುಣಮಟ್ಟ ಅಳೆದು ಸೀಲ್ ಮಾಡಿದ ಪ್ಲಾಸ್ಟಿಕ್ ಡಬ್ಬಿ), ಗ್ರೇಡ್ ಎಂಎಸ್ 62. ಇನ್ನೊಂದು ಬಿಡಿ ನಾಣ್ಯ, ಮಾರುವವರೇ 'ಯುಎನ್‌ಸಿ' (ಚಲಾವಣೆಗೆ ಹೋಗದ, ಸವೆಯದ ನಾಣ್ಯ) ಅಂತ ಬರೆದಿದ್ದಾರೆ, ಅರ್ಧ ಬೆಲೆಗೆ ಶುರು. ಯಾವುದಕ್ಕೆ ಕೂಗಲಿ?
– ಶಿಕ್ಷಕರೊಬ್ಬರು, ತುಮಕೂರು

ಉತ್ತರ: ಒಳ್ಳೆಯ ನಾಣ್ಯದ ಮೇಲೇ ಕಣ್ಣು ಹಾಕಿದ್ದೀರಿ ಮೇಷ್ಟ್ರೇ. ರಾಜನ ಮೇಲಂಗಿಯ ಮೇಲಿರುವ ಪುಟ್ಟ ಆನೆ ಹಂದಿಯ ಹಾಗೆ ಕಾಣುತ್ತದೆ ಅಂತ ಜನ ಗಲಾಟೆ ಮಾಡಿದ್ದರಿಂದ ಆ ವರ್ಷದ ರೂಪಾಯಿಗಳಲ್ಲಿ ಬಹುಪಾಲು ಕರಗಿಹೋದವು, 1912ರಲ್ಲಿ ಆನೆಯನ್ನು ತಿದ್ದಿ ಹೊಸದಾಗಿ ಹೊಡೆದರು. ಸಂಗ್ರಹಕಾರರ ಬಾಯಲ್ಲಿ ಅದು 'ಪಿಗ್ ರುಪೀ'.

ಈಗ ಗ್ರೇಡ್ ವಿಷಯ. 1ರಿಂದ 70ರವರೆಗಿನ ಈ ಅಳತೆಯನ್ನು 1949ರಲ್ಲಿ ಅಮೆರಿಕದ ವಿಲಿಯಂ ಶೆಲ್ಡನ್ ಎಂಬಾತ ಅಲ್ಲಿನ ಹಳೇ ತಾಮ್ರದ ಸೆಂಟ್‌ಗಳಿಗೆ ಅಂತ ಮಾಡಿದ್ದು. ಪಿಸಿಜಿಎಸ್, ಎನ್‌ಜಿಸಿ ಎಂಬ ಗ್ರೇಡಿಂಗ್ ಕಂಪನಿಗಳೆರಡೂ ಇವತ್ತಿಗೂ ಅದನ್ನೇ ಬಳಸುತ್ತವೆ. 60ರಿಂದ ಮೇಲೆ ಎಂಎಸ್, ಅಂದರೆ ಸವೆದಿಲ್ಲ. ಹಾಗಂತ ಗೀರು ಇಲ್ಲ ಅಂತಲ್ಲ! ಟಂಕಸಾಲೆಯ ಚೀಲದಲ್ಲಿ ಒಂದಕ್ಕೊಂದು ಉಜ್ಜಿಕೊಂಡ ಗುರುತುಗಳು ಎಂಎಸ್ 62 ನಾಣ್ಯದಲ್ಲಿ ಧಾರಾಳವಾಗಿ ಇರುತ್ತವೆ. ಎಯು 58 ಅಂದರೆ ಉಬ್ಬಿದ ಜಾಗದಲ್ಲಿ ಮಾತ್ರ ಚೂರು ಸವೆತ. ನನ್ನನ್ನು ಕೇಳಿದರೆ ರಾಜನ ಕೆನ್ನೆ ತುಂಬ ಗೀರು ಇರುವ 60ಕ್ಕಿಂತ ಹೊಳಪಿರುವ 58 ಎಷ್ಟೋ ಮೇಲು, ಬೆಲೆಯೂ ಕಮ್ಮಿ.

ಆ ಬಿಡಿ ನಾಣ್ಯದ 'ಯುಎನ್‌ಸಿ' ಮಾರುವವರ ಮಾತು ಅಷ್ಟೇ. ನೇರ ಬೆಳಕಿನಲ್ಲಿ ತೆಗೆದ ಒಂದೇ ಫೋಟೊದಲ್ಲಿ ಎಲ್ಲ ನಾಣ್ಯವೂ ಚೆಂದ ಕಾಣುತ್ತದೆ, ಅದಕ್ಕೇ ನಾಣ್ಯವನ್ನು ದೀಪದ ಕೆಳಗೆ ವಾಲಿಸುತ್ತಾ ತೆಗೆದ ವಿಡಿಯೊ ಕಳಿಸಿ ಅಂತ ಕೇಳಿ. ಮೂಲ ಹೊಳಪು ಉಳಿದಿದ್ದರೆ ಬೆಳಕು ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಸುತ್ತುತ್ತದೆ. ತಿಕ್ಕಿದ ನಾಣ್ಯವಾದರೆ ಒಂದೇ ದಿಕ್ಕಿಗೆ ಸಣ್ಣ ಗೀರುಗಳು ಎದ್ದು ಕಾಣುತ್ತವೆ. ಕಿರೀಟ, ಕಿವಿಯ ಮೇಲಿನ ಕೂದಲು, ಗಡ್ಡ, ಆ ಆನೆ – ಇವನ್ನು ದೊಡ್ಡದು ಮಾಡಿ ನೋಡಿ. ತೂಕ ಕೇಳಿ: 11.66 ಗ್ರಾಂ ಇರಬೇಕು. ವಿಡಿಯೊ ಕಳಿಸಲ್ಲ ಅಂದರೆ ಬಿಟ್ಟುಬಿಡಿ, ಅರ್ಧ ಬೆಲೆಗೂ ಬೇಡ.

ಸ್ಲ್ಯಾಬ್ ಇದ್ದರೂ ಕಣ್ಣು ಮುಚ್ಚಿ ಕೊಳ್ಳಬೇಡಿ. ನಕಲಿ ಡಬ್ಬಿಗಳೂ ಬಂದಿವೆ. ಅದರ ಮೇಲಿನ ನಂಬರನ್ನು ಗ್ರೇಡಿಂಗ್ ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ, ಅಲ್ಲಿ ಫೋಟೊ ಇದ್ದರೆ ಅದೇ ಕಲೆ, ಅದೇ ಗೀರು ಇದೆಯಾ ನೋಡಿ.

ಇನ್ನು ಲೆಕ್ಕ. ನೀವು ಕೂಗಿದ್ದೇ ಬೆಲೆಯಲ್ಲ. ಹರಾಜಿನವರ ಪ್ರೀಮಿಯಂ, ಅಂದರೆ ಬಿಡ್ ಮೇಲೆ ಅವರು ಸೇರಿಸುವ ಕಮಿಷನ್, 20% ಇದ್ದರೆ 40,000 ರೂಪಾಯಿ ಬಿಡ್ 48,000 ಆಗುತ್ತದೆ, ಆಮೇಲೆ ಜಿಎಸ್‌ಟಿ, ಕೊರಿಯರ್, ವಿಮೆ. ಕೈಯಲ್ಲಿರುವ ದುಡ್ಡಿನಿಂದ ಹಿಂದಕ್ಕೆ ಲೆಕ್ಕ ಹಾಕಿ ಮ್ಯಾಕ್ಸಿಮಮ್ ಬಿಡ್ ಹಿಂದಿನ ದಿನವೇ ಹಾಕಿಟ್ಟು ಮಲಗಿ. ಕೊನೇ ನಿಮಿಷದಲ್ಲಿ ಮೊಬೈಲ್ ಹಿಡಿದು ಕೂತರೆ ಹಟಕ್ಕೆ ಬಿದ್ದು ಇನ್ನೊಂದು, ಇನ್ನೊಂದು ಅಂತ ಒತ್ತುತ್ತಾ ಹೋಗುತ್ತೀರಿ. ನಿಮ್ಮ ಎರಡರಲ್ಲಿ ನಾನಾದರೆ ಸ್ಲ್ಯಾಬ್‌ನದಕ್ಕೇ ಕೂಗುತ್ತಿದ್ದೆ, ಕೆನ್ನೆ ಮೇಲೆ ಗೀರು ಜಾಸ್ತಿ ಇಲ್ಲದಿದ್ದರೆ ಮಾತ್ರ.

ಪ್ರಶ್ನೆ: ಅಜ್ಜಿಯ ಪೆಟ್ಟಿಗೆಯಲ್ಲಿ ವಿಕ್ಟೋರಿಯಾ ರೂಪಾಯಿಗಳು ಸಿಕ್ಕವು, ಎಲ್ಲದರ ಮೇಲೂ 1862. ಕಪ್ಪಾಗಿದ್ದವು ಅಂತ ಅಮ್ಮ ಹುಣಸೆಹಣ್ಣು ಹಾಕಿ ತಿಕ್ಕಿದರು. ಗ್ರೇಡಿಂಗ್‌ಗೆ ಕಳಿಸಬಹುದಾ?
– ಗೃಹಿಣಿ, ಶಿರಾ

ಉತ್ತರ: ತುಮಕೂರು ಸೀಮೆಯಲ್ಲಿ ಹುಣಸೆಹಣ್ಣಿಗೆ ಬರವೇ ಇಲ್ಲ, ಅದೇ ಕಷ್ಟ! ಆ ಕಪ್ಪು ಕೊಳೆಯಲ್ಲಮ್ಮ. ಬೆಳ್ಳಿ ಗಾಳಿಯಲ್ಲಿ ನಿಧಾನಕ್ಕೆ ಬಣ್ಣ ತಿರುಗಿದ್ದು, ಅದಕ್ಕೆ ಟೋನಿಂಗ್ ಅನ್ನುತ್ತಾರೆ. ಕೊಳ್ಳುವವರು ಅದನ್ನೇ ಹುಡುಕುತ್ತಾರೆ. ತಿಕ್ಕಿದ ನಾಣ್ಯ ಕಳಿಸಿದರೆ ನಂಬರ್ ಕೊಡದೆ 'ಕ್ಲೀನ್ಡ್' ಅಂತ ಬರೆದು ವಾಪಸ್ ಕಳಿಸುವ ಸಂಭವವೇ ಜಾಸ್ತಿ, ಫೀಸು ದಂಡ. 1862 ಅಂತ ಇರುವುದು ಸಾಮಾನ್ಯ, ಆಮೇಲೆ ಸುಮಾರು ವರ್ಷ ಅದೇ ಇಸವಿ ಹಾಕಿ ಹೊಡೆದರು. ಹಿಂದುಗಡೆ ಇಸವಿಯ ಹತ್ತಿರ ಚುಕ್ಕೆಗಳಿವೆಯಾ ಎಣಿಸಿ, ಕೆಲವು ಬಗೆ ಅಪರೂಪ. ತಿಕ್ಕದೆ ಉಳಿದವು ಇದ್ದರೆ ಅಂಚು ಹಿಡಿದು ಎತ್ತಿ, ಒಂದೊಂದನ್ನೂ ಬೇರೆ ಬೇರೆ ಇಡಿ. ಪಿವಿಸಿ ಪ್ಲಾಸ್ಟಿಕ್ ಕವರ್ ಬೇಡ, ಹಸಿರು ಅಂಟು ಕೂರುತ್ತದೆ.

ಪ್ರಶ್ನೆ: ವೈಷ್ಣೋದೇವಿ ಚಿತ್ರದ 5 ರೂಪಾಯಿ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡ್ತೀವಿ ಅಂತ ಫೋನ್ ಬಂತು. ಮೊದಲು ನೋಂದಣಿ ಫೀಸು ಕಟ್ಟಬೇಕಂತೆ. ಕಟ್ಟಲಾ ಸಾರ್?
– ಆಟೊ ಚಾಲಕರು, ಕೋಲಾರ

ಉತ್ತರ: ಒಂದು ರೂಪಾಯೂ ಕಟ್ಟಬೇಡಿ. ಅದು 2012ರ ನಾಣ್ಯ, ಬೇಕಾದಷ್ಟು ಚಲಾವಣೆಗೆ ಬಂದಿದೆ, ಅಂಗಡಿಯಲ್ಲಿ ಕೊಟ್ಟರೆ 5 ರೂಪಾಯಿ ಸಾಮಾನು ಬರುತ್ತದೆ. ಈ ಮೋಸಗಾರರು ರಿಸರ್ವ್ ಬ್ಯಾಂಕಿನ ಹೆಸರನ್ನೂ ಬಳಸುತ್ತಾರೆ. ಹಳೇ ನೋಟು ನಾಣ್ಯದ ವ್ಯಾಪಾರ ನಾವು ಮಾಡಲ್ಲ, ಅದಕ್ಕೆ ಫೀಸು ಕಮಿಷನ್ನೂ ಕೇಳಲ್ಲ ಅಂತ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಕೆ ಕೊಟ್ಟಿತ್ತು. ದುಡ್ಡು ಆಗಲೇ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಪ್ರಶ್ನೆ: ಹೊಲ ಉಳುವಾಗ ಸಣ್ಣ ಚಿನ್ನದ ಹಣಗಳು (ಹಳೇ ಕಾಲದ ಪುಟ್ಟ ನಾಣ್ಯಗಳು) ಸಿಕ್ಕಿವೆ. ಆನ್‌ಲೈನ್‌ನಲ್ಲಿ ಹಾಕಿದರೆ ಒಳ್ಳೆ ರೇಟು ಬರುತ್ತಾ?
– ಹೆಸರು ಬೇಡ, ಚಿಂತಾಮಣಿ

ಉತ್ತರ: ಹಾಕಬೇಡಿ. ನೆಲದಲ್ಲಿ ಸಿಕ್ಕಿದ್ದು ನಿಧಿ ಕಾನೂನಿಗೆ ಬರುತ್ತದೆ, ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ನಿಮ್ಮ ತಾಲ್ಲೂಕು ಕಚೇರಿಗೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಅಲ್ಲಿವರೆಗೆ ತೊಳೆಯಬೇಡಿ, ಅಕ್ಕಸಾಲಿಗರ ಹತ್ತಿರ ಉಜ್ಜಿ ನೋಡಿಸಬೇಡಿ, ಮಡಕೆ ಚೂರು ಸಿಕ್ಕಿದ್ದರೆ ಅದನ್ನೂ ಎಸೆಯಬೇಡಿ.