‘ಇವನಿಗೇನು ರೋಗ?’: ಕೆಜಿಎಫ್‌ನ ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಹೆಸರು, ವಿವರ ಬದಲಿಸಿದ್ದೇನೆ.)

ಕೋಲಾರದ ಚಿನ್ನದ ಗಣಿಯ ಊರಾದ ಕೆಜಿಎಫ್‌ನಲ್ಲಿ, ಗಣಿ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯೊಂದರಿಂದ ತಾಯಿಯೊಬ್ಬರು ಮಗನನ್ನು ಕರೆತಂದಿದ್ದರು. ರವಿ ಎನ್ನೋಣ. ಇಪ್ಪತ್ತೈದರ ಆಸುಪಾಸು, ಐಟಿಐ ಫಿಟ್ಟರ್. ಬೆಂಗಳೂರಿನ ಗುತ್ತಿಗೆ ಕೆಲಸ ಬಿಟ್ಟು ತಿಂಗಳುಗಳಾಗಿದ್ದವು. "ಮಧ್ಯಾಹ್ನದ ತನಕ ಏಳಲ್ಲ ಮೇಡಂ. ಅವರಪ್ಪ ಬಂದ್ರೆ ಮಾತೇ ಇಲ್ಲ." ಅಪ್ಪ ಸೆಕ್ಯೂರಿಟಿ ಕೆಲಸಕ್ಕೆ ಕತ್ತಲಿರುವಾಗಲೇ ಮಾರಿಕುಪ್ಪಂ ರೈಲು ಹತ್ತುವವರು. "ಈ ವಯಸ್ಸಲ್ಲಿ ನಾನು ಹೋಗ್ತಿಲ್ವಾ, ಇವನಿಗೇನು ರೋಗ?" ಎಂಬುದು ಮನೆಯಲ್ಲಿ ದಿನವೂ ಬೀಳುವ ಮಾತು.

ತಾಯಿ ಹೊರಗೆ ಹೋದ ಮೇಲೆ ರವಿ ಹೇಳಿದ: "ಅಪ್ಪ ಹೇಳೋದು ಸರಿ. ನಾನೇ ಸೋಂಬೇರಿ."

ಹಾಗಾದರೆ ಲೆಕ್ಕ ಹಾಕೋಣ ಎಂದೆ. ನಸುಕಿಗೆ ಮನೆ ಬಿಟ್ಟರೆ ಮರಳುವುದು ರಾತ್ರಿ. ಸಂಬಳದಲ್ಲಿ ಗುತ್ತಿಗೆದಾರನ ಪಾಲು ಹೋಗಿ, ಪಾಸು, ಊಟ ಕಳೆದು ಕೈಗೆ ಉಳಿಯುತ್ತಿದ್ದದ್ದು ಅಷ್ಟಕ್ಕಷ್ಟೆ. ಕೊನೆಗೆ ಗುತ್ತಿಗೆ ನವೀಕರಣವಾಗಲಿಲ್ಲ. ಅಂದರೆ ಅವನು ಕೆಲಸ ಬಿಟ್ಟಿರಲಿಲ್ಲ, ಕೆಲಸವೇ ಅವನನ್ನು ಬಿಟ್ಟಿತ್ತು. ಮನೆಯಲ್ಲಿ ಅದನ್ನು ಹೇಳಲು ನಾಚಿಕೆಯಾಗಿ "ನಾನೇ ಬಿಟ್ಟೆ" ಎಂದಿದ್ದ.

ನಿದ್ದೆ, ಹಸಿವು ವಿಚಾರಿಸಿದೆ. ಸಾಯುವ ಯೋಚನೆ ಬರುತ್ತದೆಯೇ ಎಂದೂ ನೇರವಾಗಿಯೇ ಕೇಳಿದೆ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ. "ಅದಲ್ಲ ಮೇಡಂ, ಎದ್ದು ಏನ್ ಮಾಡ್ಲಿ ಅನ್ಸುತ್ತೆ" ಎಂದ. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಬರೆದುಕೊಟ್ಟೆ.

ಅವನ ತಾತ ದುಡಿದದ್ದು ಚಾಂಪಿಯನ್ ರೀಫ್ ಗಣಿಯಲ್ಲಿ. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂದ ಊರು ಇದು. 2001ರಲ್ಲಿ ಗಣಿ ಮುಚ್ಚಿದಾಗ ಸಂಬಳದ ಜತೆ ಪಾಳಿಯೂ ಹೋಯಿತು, ಯಾರು ಎಷ್ಟು ಹೊತ್ತಿಗೆ ಏಳಬೇಕು ಎಂದು ಊರಿಗೆ ಊರೇ ತಿಳಿದಿದ್ದ ಪಾಳಿ. ಬೆಮೆಲ್ ಕಾರ್ಖಾನೆ ಇದೆ, ಆದರೆ ಅಷ್ಟು ಮನೆಗಳ ಮಕ್ಕಳಿಗೆಲ್ಲ ಅಲ್ಲಿ ಜಾಗವೆಲ್ಲಿ? ಉದ್ಯೋಗ ಖಾತ್ರಿಯ ನರೇಗಾ ಹಳ್ಳಿಗಳಿಗೆಂದು ಬಂದ ಯೋಜನೆ. ನಗರಸಭೆಯ ಲೈನ್ ಮನೆಯವರಿಗೆ ಆ ಬಾಗಿಲೂ ಇರಲಿಲ್ಲ.

1930ರ ದಶಕದ ಆರಂಭದಲ್ಲಿ ಆಸ್ಟ್ರಿಯಾದ ಮರಿಯೆಂಥಾಲ್ ಎಂಬಲ್ಲಿ ಜವಳಿ ಕಾರ್ಖಾನೆ ಮುಚ್ಚಿದ ಮೇಲೆ ಸಂಶೋಧಕರು ಅಲ್ಲಿನ ಜನರ ದಿನಚರಿಯನ್ನು ಹತ್ತಿರದಿಂದ ನೋಡಿದರು. ಗಂಡಸರಿಗೆ ಬಿಡುವು ಬೇಕಾದಷ್ಟಿತ್ತು, ಆದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಕಡಿಮೆಯಾಯಿತು, ನಡಿಗೆ ನಿಧಾನವಾಯಿತು. ಇದನ್ನು ಹೇಳಿದಾಗ ರವಿ ಮೊದಲ ಸಲ ತಲೆಯೆತ್ತಿ, "ಅಲ್ಲೂ ಹಿಂಗೇನಾ?" ಎಂದ.

ಹಾಗೆಂದು "ನಿಮ್ಮ ಕೈಯಲ್ಲಿ ಏನೂ ಇಲ್ಲ" ಎನ್ನಲಿಲ್ಲ. ಊರನ್ನೇ ದೂರುತ್ತಾ ಕೂರುವುದೂ ಒಂದು ಬಗೆಯ ನಿದ್ದೆಯೇ. ಗಣಿ ಮತ್ತೆ ತೆರೆಯುತ್ತದಂತೆ ಎಂಬ ಸುದ್ದಿ ಎದ್ದಾಗಲೆಲ್ಲ ಇಲ್ಲಿನ ಹುಡುಗರು ಅರ್ಜಿ ಹಾಕುವುದನ್ನು ಮುಂದೂಡುತ್ತಾರೆ. ತೆರೆದರೆ ಹೋಗಿ, ಅಲ್ಲಿಯವರೆಗೆ ಕಾಯಬೇಡಿ ಎಂದೆ.

ಸಲಹೆಯಲ್ಲಿ ಮೊದಲನೆಯದು ತೀರಾ ಸಣ್ಣದು: ಕೆಲಸವಿರಲಿ, ಬಿಡಲಿ, ಏಳುವ ಹೊತ್ತು ಒಂದೇ ಇರಬೇಕು, ಬೆಳಿಗ್ಗೆ ಮನೆಯಿಂದ ಹೊರಗೆ ಹೋಗಲೇಬೇಕು. ಎರಡನೆಯದು, 1961ರ ಅಪ್ರೆಂಟಿಸ್ ಕಾಯ್ದೆಯಡಿ ಕಾರ್ಖಾನೆಗಳಲ್ಲಿ ಸಿಗುವ ತರಬೇತಿಗೆ ಸರ್ಕಾರದ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸುವುದು. ಸ್ಟೈಪೆಂಡ್ ದೊಡ್ಡದಲ್ಲ, ಆದರೆ ಕೊನೆಗೆ ಸಿಗುವ ಪ್ರಮಾಣಪತ್ರಕ್ಕೆ ಗುತ್ತಿಗೆದಾರನ ಚೀಟಿಗಿಂತ ಬೆಲೆ ಹೆಚ್ಚು. ಸ್ವಂತ ರಿಪೇರಿ ಅಂಗಡಿಯ ಆಸೆಯನ್ನೂ ಅವನು ಹೇಳಿಕೊಂಡಿದ್ದ. ಅದಕ್ಕೆ ಜಿಲ್ಲೆಯ ಮುಂದಾಳು ಬ್ಯಾಂಕ್ (ಲೀಡ್ ಬ್ಯಾಂಕ್) ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಯಲ್ಲಿ ತನಗೆ ಅವಕಾಶವಿದೆಯೇ ಎಂದು ವಿಚಾರಿಸಿ ಬರಲು ಹೇಳಿದೆ. ಸಾಲದ ಮಾತು ಆಮೇಲೆ.

ಒಂದು ವಿಷಯದಲ್ಲಿ ಮಾತ್ರ ಹಟ ಹಿಡಿದೆ. ಅರ್ಜಿ ಹಾಕಲು ಒಬ್ಬನೇ ಹೋಗಬಾರದು. ಅದೇ ಲೈನಿನಲ್ಲಿ ಐಟಿಐ ಮುಗಿಸಿ ಕೂತ ಹುಡುಗರು ಇನ್ನೂ ಇದ್ದಾರೆ, ಅವರನ್ನು ಕರೆದುಕೊಂಡೇ ಹೋಗಬೇಕು. ಒಬ್ಬನೇ ಹೋಗಿ ‘ಇಲ್ಲ’ ಕೇಳಿಸಿಕೊಂಡವನು ತನ್ನನ್ನೇ ಬೈದುಕೊಳ್ಳುತ್ತಾನೆ. ನಾಲ್ವರು ಕೇಳಿಸಿಕೊಂಡರೆ ಕಚೇರಿಯನ್ನು ಬೈದು, ಟೀ ಕುಡಿದು, ಇನ್ನೊಂದು ಕಡೆ ವಿಚಾರಿಸುತ್ತಾರೆ.

ತಾಯಿಗೆ ಹೇಳಿದ್ದು, ಊಟದ ಹೊತ್ತಿನಲ್ಲಿ ಕೆಲಸದ ಮಾತು ಬೇಡ ಎಂದಷ್ಟೆ. ಗುತ್ತಿಗೆ ಮುಗಿದ ನಿಜವನ್ನು ಅಪ್ಪನಿಗೆ ತಿಳಿಸಬೇಕಾದವನು ರವಿಯೇ. ಅವನು ಒಪ್ಪಿದ್ದಾನೆ, ಆದರೆ ನಾನು ಎದುರಿಗಿರಬೇಕಂತೆ. ಅಪ್ಪನಿಗೆ ವಾರದ ರಜೆ ಸಿಕ್ಕ ದಿನ ಮೂವರೂ ಬರುತ್ತಾರೆ.